ಡ್ಯೂಟಿ ರೂಮಿನ ಕೆಮ್ಮು: ಆಸ್ಪತ್ರೆ ಸಿಬ್ಬಂದಿ ಒಬ್ಬರಿಂದೊಬ್ಬರಿಗೆ ವೈರಸ್ ಹರಡದಂತೆ ನೋಡಿಕೊಳ್ಳುವುದು ಹೇಗೆ?

ಶ್ರಾವಣದ ಒಂದು ರಾತ್ರಿ. ಹೊರಗೆ ಜಿಟಿಜಿಟಿ ಮಳೆ. ಡ್ಯೂಟಿ ರೂಮಿನ ಕಿಟಕಿಗಳೆಲ್ಲ ಮುಚ್ಚಿದ್ದವು. ಎರಡು ಗಂಟೆ ಸುಮಾರಿಗೆ ಥರ್ಮಾಸಿನಿಂದ ಚಹಾ ಬಗ್ಗಿಸಿಕೊಂಡು ಆರು ಜನ ಕೂತಿದ್ದೆವು. ಎಲ್ಲರ ಮಾಸ್ಕೂ ಗದ್ದದ ಕೆಳಗೆ. ನಮ್ಮಲ್ಲಿ ಒಬ್ಬಳಿಗೆ ಸಂಜೆಯಿಂದ ಗಂಟಲು ಕೆರೆತ. "ಏನ್ ಆಗಂಗಿಲ್ಲ ತಗೋರಿ, ಮಳಿಗಾಲದಾಗ ಹಿಂಗ ಆಕ್ಕೈತಿ" ಅಂದಳು. ನಾವೂ ಹೌದು ಅಂದೆವು. ಮೂರನೇ ದಿನಕ್ಕೆ ಆರು ಜನರಲ್ಲಿ ನಾಲ್ವರು ಜ್ವರ ಬಂದು ಮಲಗಿದ್ದೆವು. ಅದೇ ವಾರ ನಮ್ಮ ವಾರ್ಡಿನಲ್ಲಿ ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದ್ದ ಅಜ್ಜನೊಬ್ಬನಿಗೆ ಕೆಮ್ಮು ಶುರುವಾಯಿತು. ಅಡ್ಮಿಟ್ ಆದಾಗ ಆ ಅಜ್ಜನಿಗೆ ಕೆಮ್ಮು ಇರಲಿಲ್ಲ.

ಆ ಅಜ್ಜ ಹುಷಾರಾಗಿ ಊರಿಗೆ ಹೋದ. ಆದರೆ ಹನ್ನೆರಡು ದಿನ ಜಾಸ್ತಿ ಮಲಗಬೇಕಾಯಿತು. ಆ ಹನ್ನೆರಡು ದಿನ ನನ್ನ ತಲೆಯಲ್ಲಿ ಇವತ್ತಿಗೂ ಕೂತಿವೆ.

ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ನಾನು ಸ್ಟಾಫ್ ನರ್ಸ್. ಸೋಂಕು ತಡೆಯುವ ಕೆಲಸವನ್ನೂ ಕೆಲವು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಈ ಕೆಲಸದಲ್ಲಿ ಮತ್ತೆ ಮತ್ತೆ ಕಂಡದ್ದು ಒಂದೇ. ಪೇಷಂಟಿನ ಹಾಸಿಗೆ ಹತ್ತಿರ ಹೋಗುವಾಗ ನಾವು ಹುಷಾರಾಗಿರುತ್ತೇವೆ. ಮಾಸ್ಕ್ ಇರುತ್ತದೆ, ಕೈ ತೊಳೆಯುತ್ತೇವೆ. ನಮ್ಮ ನಮ್ಮ ನಡುವೆ ಮಾತ್ರ ಏನೂ ಇರುವುದಿಲ್ಲ. ಚಹಾ ಕುಡಿಯುವಾಗ, ಡಬ್ಬಿ ಬಿಚ್ಚುವಾಗ, ಮುಂದಿನ ಶಿಫ್ಟಿನವರಿಗೆ ಹ್ಯಾಂಡೋವರ್ ಕೊಡುವಾಗ, ಒಂದೇ ಗಾಡಿಯಲ್ಲಿ ಮನೆಗೆ ಹೋಗುವಾಗ ಎಲ್ಲವನ್ನೂ ಸಡಿಲ ಬಿಡುತ್ತೇವೆ. ವೈರಸ್ಸಿಗೆ ಅಷ್ಟು ಸಾಕು.

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ದವಾಖಾನೆಗಳಲ್ಲಿ ಕೆಲಸ ಮಾಡುವ ಎಲ್ಲರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಡಾಕ್ಟರು, ಸಿಸ್ಟರು, ಬ್ರದರು ಅಷ್ಟೇ ಅಲ್ಲ. ಆಯಾ, ವಾರ್ಡ್ ಬಾಯ್, ಲ್ಯಾಬಿನವರು, ಎಕ್ಸ್‌ರೇಯವರು, ಕಸ ಗುಡಿಸುವವರು, ಆಂಬುಲೆನ್ಸ್ ಡ್ರೈವರು, ಚೀಟಿ ಕೊಡುವ ಕೌಂಟರಿನವರು, ಎಲ್ಲರೂ ಓದಿ. ನೀವು ಯಾವ ಹುದ್ದೆಯಲ್ಲಿದ್ದೀರಿ ಅಂತ ವೈರಸ್ ಕೇಳುವುದಿಲ್ಲ.

ಮೊದಲು ಇದಿಷ್ಟು ತಿಳಿದಿರಲಿ

ನಮ್ಮ ನಡುವೆ ಓಡಾಡುವ ವೈರಸ್‌ಗಳು ಮುಖ್ಯವಾಗಿ ಇವು: ಫ್ಲೂ, ಅಂದರೆ ಇನ್‌ಫ್ಲುಯೆಂಜಾ (ಎಚ್1ಎನ್1 ಕೂಡ ಇದರಲ್ಲೇ ಬರುತ್ತದೆ), ಕೋವಿಡ್, ಆರ್‌ಎಸ್‌ವಿ, ರೈನೋವೈರಸ್, ಅಡೆನೋವೈರಸ್. 2025ರ ಜನವರಿಯಲ್ಲಿ ಟಿವಿಯಲ್ಲೆಲ್ಲ ಕೇಳಿದ ಎಚ್‌ಎಂಪಿವಿ ಕೂಡ ಇದೇ ಗುಂಪಿನದು. ಅದು ಹೊಸದೇನಲ್ಲ, 2001ರಲ್ಲೇ ಪತ್ತೆಯಾಗಿತ್ತು.

ಇವು ಮೂರು ದಾರಿಯಲ್ಲಿ ಬರುತ್ತವೆ. ಕೆಮ್ಮಿದಾಗ, ಸೀನಿದಾಗ ಸಿಡಿಯುವ ಹನಿ ಒಂದು. ಮಾತಾಡುವಾಗ, ಉಸಿರು ಬಿಡುವಾಗ ಹೊರಬಂದು ಗಾಳಿಯಲ್ಲಿ ತೇಲುವ ಸಣ್ಣ ಕಣ ಇನ್ನೊಂದು. ಮೂರನೆಯದು ಕೈ: ಬಾಗಿಲ ಹಿಡಿಕೆ ಮುಟ್ಟಿ, ಅದೇ ಕೈಯಲ್ಲಿ ಮೂಗು, ಕಣ್ಣು ಉಜ್ಜಿಕೊಳ್ಳುವುದು. ಫ್ಲೂ ವೈರಸ್ ಸ್ಟೀಲು, ಪ್ಲಾಸ್ಟಿಕ್ ಮೇಲೆ 24ರಿಂದ 48 ಗಂಟೆ ಬದುಕಬಲ್ಲದು. ಬಟ್ಟೆ, ಕಾಗದದ ಮೇಲೆ ಅದಕ್ಕಿಂತ ಕಡಿಮೆ, 8ರಿಂದ 12 ಗಂಟೆ.

ಮುಖ್ಯವಾದ ಮಾತು ಇನ್ನೊಂದಿದೆ. ಫ್ಲೂ ಬಂದವರು ಲಕ್ಷಣ ಕಾಣುವ ಒಂದು ದಿನ ಮುಂಚಿನಿಂದಲೇ ಬೇರೆಯವರಿಗೆ ಹರಡಬಲ್ಲರು. ಲಕ್ಷಣ ಶುರುವಾದ ಮೇಲೆ ಐದರಿಂದ ಏಳು ದಿನ ಹರಡುತ್ತಲೇ ಇರಬಹುದು. ಕೋವಿಡ್‌ನಲ್ಲೂ ಹೀಗೆಯೇ, ಲಕ್ಷಣಕ್ಕಿಂತ ಮುಂಚೆ ಹರಡುತ್ತದೆ. ಹಾಗಾಗಿ "ನನಗೆ ಜ್ವರ ಇಲ್ಲ, ಅಂದ ಮೇಲೆ ನನ್ನಿಂದ ಯಾರಿಗೂ ಬರುವುದಿಲ್ಲ" ಅನ್ನುವ ಲೆಕ್ಕ ತಪ್ಪು.

ಧಾರವಾಡದ ನೆನಪು ಒಂದಿದೆ. 2021ರ ನವೆಂಬರ್‌ನಲ್ಲಿ ಅಲ್ಲಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಹೊಸ ವಿದ್ಯಾರ್ಥಿಗಳ ಸ್ವಾಗತ ಸಮಾರಂಭ ಆಯಿತು. ಅದಾದ ಮೇಲೆ ವಿದ್ಯಾರ್ಥಿಗಳು, ಸಿಬ್ಬಂದಿ ಸೇರಿ 250ಕ್ಕೂ ಹೆಚ್ಚು ಜನರಿಗೆ ಕೋವಿಡ್ ಬಂತು. ಹೆಚ್ಚಿನವರು ಲಸಿಕೆ ಹಾಕಿಸಿಕೊಂಡವರೇ, ಹಾಗಾಗಿ ಬಹುತೇಕರಿಗೆ ಜಾಸ್ತಿ ತೊಂದರೆ ಆಗಲಿಲ್ಲ. ಅಷ್ಟು ಜನರಿಗೆ ಅದು ತಗುಲಿದ್ದು ವಾರ್ಡಿನಲ್ಲಿ ಪೇಷಂಟ್ ನೋಡುವಾಗ ಅಲ್ಲ, ಎಲ್ಲರೂ ಸೇರಿ ನಕ್ಕು ನಲಿಯುವಾಗ. ಅದಕ್ಕೆ ಅವರನ್ನು ದೂರುವುದು ಸರಿಯಲ್ಲ, ನಾವು ಯಾರಾದರೂ ಅಲ್ಲಿ ಇರಬಹುದಿತ್ತು.

ಡ್ಯೂಟಿಗೆ ಹೊರಡುವ ಮುಂಚೆ ಎರಡು ನಿಮಿಷ

ಯೂನಿಫಾರ್ಮ್ ಹಾಕಿಕೊಳ್ಳುವ ಮುಂಚೆ ನಿಮ್ಮನ್ನೇ ಕೇಳಿಕೊಳ್ಳಿ. ಗಂಟಲು ಕೆರೆಯುತ್ತಿದೆಯಾ? ಮೂಗು ಸೋರುತ್ತಿದೆಯಾ? ನಿನ್ನೆಯಿಂದ ಹೊಸದಾಗಿ ಕೆಮ್ಮು ಬಂದಿದೆಯಾ? ಮೈಕೈ ನೋವು, ಚಳಿ ಇದೆಯಾ? ಮನೆಯಲ್ಲಿ ಯಾರಿಗಾದರೂ ಹೀಗಾಗಿದೆಯಾ? ಒಂದಕ್ಕೆ ಹೌದು ಅಂದರೂ ಥರ್ಮಾಮೀಟರ್ ಇಟ್ಟು ನೋಡಿ. ಪ್ಯಾರಸಿಟಮಾಲ್ ನುಂಗಿ ಆಮೇಲೆ ಜ್ವರ ನೋಡಿದರೆ ಲೆಕ್ಕ ಸಿಗುವುದಿಲ್ಲ. ನಾವು ಮಾಡುವ ತಪ್ಪೇ ಅದು. ಬೆಳಿಗ್ಗೆ ಎದ್ದು ಗುಳಿಗೆ ತಗೊಂಡು, ಬಸ್ ಹತ್ತಿ, "ಜ್ವರ ಇಲ್ಲ" ಅಂತ ಡ್ಯೂಟಿಗೆ ಬರುತ್ತೇವೆ.

ನಮ್ಮ ಕಡೆ ಕೆಮ್ಮಿಗೆ ನೆಪ ಹುಡುಕುವುದು ಸುಲಭ. ಗದಗಿನವರು ಗಾಳಿ, ಧೂಳು ಅನ್ನುತ್ತಾರೆ. ಬ್ಯಾಡಗಿ ಮಾರುಕಟ್ಟೆಯ ಹತ್ತಿರ ಇರುವವರು ಮೆಣಸಿನಕಾಯಿ ಘಾಟು ಅನ್ನುತ್ತಾರೆ. ಧಾರವಾಡದವರು ಮಳೆ ಅನ್ನುತ್ತಾರೆ. ಮೆಣಸಿನಕಾಯಿ ಘಾಟಿಗೆ ಕೆಮ್ಮು ಬರುವುದು ನಿಜ. ಆದರೆ ಆ ಜಾಗ ಬಿಟ್ಟು ಬಂದ ಮೇಲೆ ಅದು ಕಡಿಮೆಯಾಗಬೇಕು. ರಾತ್ರಿ ಮನೆಯಲ್ಲಿ ಮಲಗಿದಾಗಲೂ ಕೆಮ್ಮು, ಜೊತೆಗೆ ಮೈ ನೋವು, ಸುಸ್ತು ಇದ್ದರೆ ಅದು ಘಾಟಲ್ಲ.

ಲಕ್ಷಣ ಇದ್ದರೆ ಇನ್‌ಚಾರ್ಜ್‌ಗೆ ಫೋನ್ ಮಾಡಿ. ಡ್ಯೂಟಿಗೆ ಬಂದ ಮೇಲೆ ಹೇಳುವುದು ಬೇಡ, ಹೊರಡುವ ಮುಂಚೆಯೇ ಹೇಳಿ. ಈ ಫೋನ್ ಮಾಡುವುದೇ ನಮಗೆ ಅತಿ ಕಷ್ಟದ ಕೆಲಸ, ಅಲ್ವಾ? "ನಾನು ರಜಾ ಹಾಕಿದರೆ ಇನ್ನೊಬ್ಬಳು ಡಬಲ್ ಡ್ಯೂಟಿ ಮಾಡಬೇಕು" ಅನ್ನುವ ಸಂಕಟ. ನನಗೂ ಗೊತ್ತು. ಆ ಶ್ರಾವಣದ ರಾತ್ರಿ ನಮ್ಮ ಗೆಳತಿಯೂ ಅದೇ ಸಂಕಟದಿಂದ ಬಂದಿದ್ದಳು. ಒಬ್ಬಳ ಒಂದು ರಜಾ ಉಳಿಸಲು ಹೋಗಿ ನಾಲ್ಕು ಜನರ ರಜಾ ಹೋಯಿತು.

ಇದಕ್ಕೆ ಪರಿಹಾರ ಇನ್‌ಚಾರ್ಜ್‌ಗಳ ಕೈಯಲ್ಲಿದೆ. ಇನ್‌ಚಾರ್ಜ್ ಅಕ್ಕನವರೇ, ಅಣ್ಣನವರೇ, ಡ್ಯೂಟಿ ಚಾರ್ಟ್ ಹಾಕುವಾಗಲೇ ಪ್ರತಿ ಶಿಫ್ಟಿಗೆ ಕರೆದರೆ ಬರಬಲ್ಲ ಒಬ್ಬರ ಹೆಸರು ಬರೆದಿಡಿ. ಮಳೆಗಾಲದಲ್ಲಿ ಇದು ಬೇಕೇ ಬೇಕು. ಫೋನ್ ಬಂದಾಗ "ಎಷ್ಟು ಜ್ವರ ಐತಿ? ಸ್ವಲ್ಪ ಹೊತ್ತು ಬಂದು ಹೋಗ್ರಿ" ಅನ್ನಬೇಡಿ. ಆ ಒಂದು ಮಾತು ಕೇಳಿದವರು ಮುಂದಿನ ಸಲ ಫೋನ್ ಮಾಡುವುದಿಲ್ಲ, ಗುಳಿಗೆ ನುಂಗಿ ಬರುತ್ತಾರೆ.

ಕಾಂಟ್ರ್ಯಾಕ್ಟ್ ಮೇಲೆ ಇರುವ ಆಯಾ, ಹೌಸ್‌ಕೀಪಿಂಗ್‌ನವರಿಗೆ ಇದು ಇನ್ನೂ ಕಷ್ಟ. ಒಂದು ದಿನ ಬರದಿದ್ದರೆ ಒಂದು ದಿನದ ಪಗಾರ ಇಲ್ಲ. ನಿಮ್ಮ ಪಗಾರದಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತ ಆಗುತ್ತಿದೆಯಾ ಅಂತ ಸಂಬಳದ ಚೀಟಿ ನೋಡಿ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಅದರಲ್ಲಿ ಬರುತ್ತಾರೆ. ಕಾಯಿಲೆ ಬಿದ್ದಾಗ ಇಎಸ್‌ಐ ಡಾಕ್ಟರ ಸರ್ಟಿಫಿಕೇಟ್ ಇದ್ದರೆ ಕೂಲಿಯ 70% ಸಿಗುತ್ತದೆ, ವರ್ಷಕ್ಕೆ 91 ದಿನಗಳವರೆಗೆ. ಆರು ತಿಂಗಳ ಕಂತಿನ ಅವಧಿಯಲ್ಲಿ ಕನಿಷ್ಠ 78 ದಿನ ಹಣ ಕಟ್ಟಿರಬೇಕು. ನಮ್ಮ ಎಷ್ಟೋ ಆಯಾಗಳಿಗೆ ತಮ್ಮ ಇಎಸ್‌ಐ ನಂಬರೇ ಗೊತ್ತಿರುವುದಿಲ್ಲ. ಸಿಸ್ಟರುಗಳು ದಯವಿಟ್ಟು ಅವರ ಜೊತೆ ಹತ್ತು ನಿಮಿಷ ಕೂತು ಇದನ್ನು ಹೇಳಿಕೊಡಿ.

ದಾರಿಯಲ್ಲಿ

ಹುಬ್ಬಳ್ಳಿ-ಧಾರವಾಡ ನಡುವೆ ಚಿಗರಿ ಬಸ್ಸಿನಲ್ಲಿ ಓಡಾಡುವವರು ನಮ್ಮಲ್ಲಿ ಬಹಳ. ಎಸಿ ಬಸ್ಸು, ಕಿಟಕಿ ತೆಗೆಯುವ ಹಾಗಿಲ್ಲ, ಬೆಳಿಗ್ಗೆ ಸಂಜೆ ತುಂಬಿ ತುಳುಕುತ್ತದೆ. ಅದರಲ್ಲಿ ಮಾಸ್ಕ್ ಹಾಕಿಕೊಂಡೇ ಕೂರಿ. ಆಸ್ಪತ್ರೆಯ ವ್ಯಾನು, ಶೇರಿಂಗ್ ಆಟೋ ಆದರೆ ಎರಡೂ ಕಡೆ ಕಿಟಕಿ ತೆಗೆಸಿ. ದಾರಿಗೆ ಹಾಕಿದ ಮಾಸ್ಕ್ ವಾರ್ಡಿಗೆ ಬೇಡ, ಅಲ್ಲಿ ಹೊಸದು ಹಾಕಿಕೊಳ್ಳಿ.

ಮಾಸ್ಕ್: ಯಾವುದು, ಯಾವಾಗ, ಹೇಗೆ

ಮಳೆಗಾಲದಲ್ಲಿ, ಫ್ಲೂ ಜಾಸ್ತಿ ಇರುವ ವಾರಗಳಲ್ಲಿ ಪೇಷಂಟ್ ಇರುವ ಜಾಗದಲ್ಲೆಲ್ಲ ಮೂರು ಪದರದ ಸರ್ಜಿಕಲ್ ಮಾಸ್ಕ್ ಇರಲಿ. ಒದ್ದೆಯಾದರೆ, ಹರಿದರೆ ಬದಲಿಸಿ. ಕೆಮ್ಮಿನ ಪೇಷಂಟಿಗೆ ಉಸಿರಾಟದ ಟ್ಯೂಬ್ ಹಾಕುವಾಗ, ಸಕ್ಷನ್ ಮಾಡಿ ಕಫ ಎಳೆಯುವಾಗ, ಮಾಸ್ಕ್ ಕಟ್ಟಿ ಉಸಿರಾಟದ ಯಂತ್ರ ಹಚ್ಚುವಾಗ, ಸಿಪಿಆರ್ ಕೊಡುವಾಗ, ಗಂಟಲಿನ ಸ್ವ್ಯಾಬ್ ತೆಗೆಯುವಾಗ ಎನ್95 ಬೇಕು. ಜೊತೆಗೆ ಕಣ್ಣಿಗೆ ಗಾಗಲ್ ಅಥವಾ ಫೇಸ್ ಶೀಲ್ಡ್. ಕಣ್ಣನ್ನು ನಾವು ಮರೆತೇ ಬಿಡುತ್ತೇವೆ. ಸೋಡಾ ಗ್ಲಾಸಿನಂಥ ನಂಬರ್ ಕನ್ನಡಕ ಇದ್ದರೂ ಅದು ಗಾಗಲ್ ಆಗುವುದಿಲ್ಲ, ಪಕ್ಕದಿಂದ ಹನಿ ಬರುತ್ತದೆ.

ಎನ್95 ಅಂದರೆ ಗಾಳಿಯಲ್ಲಿರುವ 0.3 ಮೈಕ್ರಾನಿನ ಕಣಗಳಲ್ಲಿ ಕನಿಷ್ಠ 95% ತಡೆಯುವಂಥದ್ದು. ಆದರೆ ಮುಖಕ್ಕೆ ಅಂಟಿ ಕೂತರೆ ಮಾತ್ರ ಆ ಲೆಕ್ಕ. ಹಾಕಿಕೊಂಡ ಮೇಲೆ ಹೀಗೆ ನೋಡಿ. ಎರಡೂ ಅಂಗೈ ಮಾಸ್ಕಿನ ಮೇಲೆ ಮೆಲ್ಲಗೆ ಇಟ್ಟು ಜೋರಾಗಿ ಉಸಿರು ಬಿಡಿ. ಕೆನ್ನೆಯ ಪಕ್ಕ ಗಾಳಿ ತಾಗಿದರೆ ಪಟ್ಟಿ ಸರಿಮಾಡಿ. ಮೂಗಿನ ಮೇಲೆ, ಕಣ್ಣಿನ ಕಡೆ ತಾಗಿದರೆ ಮೂಗಿನ ತಂತಿಯನ್ನು ಎರಡೂ ಕೈಯ ಬೆರಳಿನಿಂದ ಒತ್ತಿ ಕೂರಿಸಿ. ಒಂದೇ ಕೈಯಿಂದ ಚಿವುಟಿದರೆ ನಡುವೆ ಮಡಚಿಕೊಂಡು ಸಂದಿ ಆಗುತ್ತದೆ. ಆಮೇಲೆ ಜೋರಾಗಿ ಉಸಿರು ಎಳೆಯಿರಿ, ಮಾಸ್ಕ್ ಸ್ವಲ್ಪ ಒಳಗೆ ಎಳೆದುಕೊಳ್ಳಬೇಕು. ಗಡ್ಡ ಇದ್ದರೆ ಎನ್95 ಸರಿಯಾಗಿ ಕೂರುವುದಿಲ್ಲ. ನಮ್ಮ ಕ್ಯಾಜುವಾಲ್ಟಿಯ ಬ್ರದರ್ ಒಬ್ಬರು ಹರಕೆ ಅಂತ ಗಡ್ಡ ಬಿಟ್ಟಿದ್ದರು. ಹರಕೆ ತೀರುವವರೆಗೆ ಅವರನ್ನು ಟ್ಯೂಬ್ ಹಾಕುವ ಜಾಗಕ್ಕೆ ಹಾಕಲಿಲ್ಲ, ಬೇರೆ ಕೆಲಸ ಕೊಟ್ಟೆವು. ಅವರಿಗೂ ಅದು ಸಮಾಧಾನವಾಯಿತು.

ತೆಗೆಯುವಾಗ ತಪ್ಪು ಆಗುವುದೇ ಜಾಸ್ತಿ. ಮೊದಲು ಗ್ಲೌಸ್ ತೆಗೆಯಿರಿ, ಕೈ ಸ್ವಚ್ಛ ಮಾಡಿ. ಆಮೇಲೆ ಗಾಗಲ್, ಗೌನ್. ಮತ್ತೆ ಕೈ. ಕೋಣೆಯಿಂದ ಹೊರಗೆ ಬಂದು ಬಾಗಿಲು ಹಾಕಿದ ಮೇಲೆ ಕಟ್ಟಕಡೆಗೆ ಮಾಸ್ಕ್. ಮುಂದಿನ ಭಾಗ ಮುಟ್ಟಬೇಡಿ, ಹಿಂದಿನ ಪಟ್ಟಿ ಹಿಡಿದು ತೆಗೆದು ಹಳದಿ ಚೀಲಕ್ಕೆ ಹಾಕಿ. ಗ್ಲೌಸ್ ಕೆಂಪು ಚೀಲಕ್ಕೆ. ಮತ್ತೊಮ್ಮೆ ಕೈ.

ಗದ್ದದ ಕೆಳಗೆ ಇಳಿಸಿದ ಮಾಸ್ಕ್ ಬಗ್ಗೆ ಒಂದು ಮಾತು. ಅದರ ಹೊರಗಿನ ಭಾಗಕ್ಕೆ ವಾರ್ಡಿನದು ಹತ್ತಿರುತ್ತದೆ, ಒಳಗಿನ ಭಾಗಕ್ಕೆ ಕುತ್ತಿಗೆಯದು ಹತ್ತುತ್ತದೆ. ಮತ್ತೆ ಮೇಲೆ ಎಳೆದಾಗ ಎರಡೂ ಬಾಯಿಗೆ. ಇಳಿಸುವುದಾದರೆ ಪೂರ್ತಿ ತೆಗೆದುಬಿಡಿ.

ಕೈ

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಐದು ಹೊತ್ತು ನಮಗೆಲ್ಲ ಗೊತ್ತು: ಪೇಷಂಟ್ ಮುಟ್ಟುವ ಮುಂಚೆ, ಸೂಜಿ, ಡ್ರೆಸಿಂಗ್‌ನಂಥ ಸ್ವಚ್ಛ ಕೆಲಸಕ್ಕೆ ಮುಂಚೆ, ರಕ್ತ, ಕಫ ಇಂಥದ್ದು ತಾಗಿದ ಮೇಲೆ, ಪೇಷಂಟ್ ಮುಟ್ಟಿದ ಮೇಲೆ, ಪೇಷಂಟಿನ ಸುತ್ತಲಿನ ಸಾಮಾನು ಮುಟ್ಟಿದ ಮೇಲೆ. ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡ್, ಸೋಪು ನೀರು ಆದರೆ 40ರಿಂದ 60 ಸೆಕೆಂಡ್. ಅಡೆನೋವೈರಸ್ಸಿಗೆ ಸ್ಯಾನಿಟೈಸರ್ ಅಷ್ಟು ಚೆನ್ನಾಗಿ ನಾಟುವುದಿಲ್ಲ. ವಾರ್ಡಿನಲ್ಲಿ ಕಣ್ಣು ಕೆಂಪಾಗಿ, ಜ್ವರ, ಗಂಟಲು ನೋವು ಇರುವ ಮಕ್ಕಳು ಜಾಸ್ತಿ ಬರುತ್ತಿದ್ದರೆ ಸೋಪು ನೀರನ್ನೇ ನಂಬಿ.

ನಾನು ಇಲ್ಲಿ ಹೇಳಬೇಕಾದ್ದು ಆರನೇ ಹೊತ್ತು. ನಮ್ಮದೇ ಸಾಮಾನು. ಏಪ್ರನ್ ಜೇಬಿನ ಮೊಬೈಲ್. ಹಾಜರಿಯ ಬೆರಳು ಒತ್ತುವ ಯಂತ್ರ. ಹ್ಯಾಂಡೋವರ್ ರಿಜಿಸ್ಟರಿಗೆ ದಾರ ಕಟ್ಟಿದ ಒಂದೇ ಪೆನ್ನು. ಡ್ರಗ್ ಕಪಾಟಿನ ಕೀಲಿ. ಲ್ಯಾಂಡ್‌ಲೈನ್ ಫೋನು. ಒಂದು ದಿನ ನಾನು ಸುಮ್ನೆ ಕೂತು ಆ ದಾರದ ಪೆನ್ನನ್ನು ನೋಡಿದೆ. ಒಂದು ಶಿಫ್ಟ್ ಬದಲಾಗುವ ಹೊತ್ತಿನಲ್ಲಿ ಒಂಬತ್ತು ಜನ ಹಿಡಿದರು. ಇಬ್ಬರು ಯೋಚನೆ ಮಾಡುತ್ತ ಅದರ ತುದಿ ಕಚ್ಚಿದರು. ಅವತ್ತೇ ದಾರ ಬಿಚ್ಚಿದೆವು. ಈಗ ಎಲ್ಲರ ಜೇಬಿನಲ್ಲೂ ಅವರವರ ಪೆನ್ನು. ರಿಜಿಸ್ಟರಿನ ಪಕ್ಕ ಒಂದು ಸ್ಯಾನಿಟೈಸರ್ ಬಾಟಲಿ. ಮೊಬೈಲನ್ನು ಶಿಫ್ಟಿಗೆ ಎರಡು ಸಲ ಸ್ಪಿರಿಟ್ ಹತ್ತಿಯಿಂದ ಒರೆಸುತ್ತೇವೆ.

ಚಹಾ, ಡಬ್ಬಿ, ಗಾಳಿ

ಎಲ್ಲಕ್ಕಿಂತ ಜಾಸ್ತಿ ಗಮನ ಇಲ್ಲಿ ಬೇಕು.

ನಾವು ಡಬ್ಬಿ ಬಿಚ್ಚಿದರೆ ಒಬ್ಬರೇ ಉಣ್ಣುವ ಜನ ಅಲ್ಲ. ಒಬ್ಬರ ಡಬ್ಬಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ. ಇನ್ನೊಬ್ಬರದರಲ್ಲಿ ಶೇಂಗಾ ಚಟ್ನಿ, ಮತ್ತೊಬ್ಬರದರಲ್ಲಿ ಹೆಸರುಕಾಳು ಪಲ್ಯ. "ತಗೋರಿ, ಸ್ವಲ್ಪ ರುಚಿ ನೋಡ್ರಿ" ಅಂತ ಎಲ್ಲರ ಕೈ ಎಲ್ಲರ ಡಬ್ಬಿಯಲ್ಲಿ. ಸಂಜೆ ಒಂದೇ ಪೇಪರಿನ ಮೇಲೆ ಗಿರ್ಮಿಟ್, ಮಿರ್ಚಿ. ಹನ್ನೆರಡು ತಾಸಿನ ಡ್ಯೂಟಿಯಲ್ಲಿ ಆ ಇಪ್ಪತ್ತು ನಿಮಿಷವೇ ನಮ್ಮ ಜೀವ. ಅದನ್ನು ಬಿಡಿ ಅಂತ ನಾನು ಹೇಳುವುದಿಲ್ಲ. ಹಂಚುವ ರೀತಿ ಬದಲಿಸಿ. ಉಣ್ಣಲು ಶುರು ಮಾಡುವ ಮುಂಚೆಯೇ, ಕೈ ತೊಳೆದುಕೊಂಡು, ಒಂದು ಚಮಚದಿಂದ ಎಲ್ಲರ ತಾಟಿಗೆ ಬಡಿಸಿಬಿಡಿ. ಆಮೇಲೆ ಯಾರ ಕೈಯೂ ಬೇರೆಯವರ ಡಬ್ಬಿಗೆ ಹೋಗುವುದು ಬೇಡ. ಗಿರ್ಮಿಟ್ ಬೇರೆ ಬೇರೆ ಪೇಪರಿನಲ್ಲಿ ಕಟ್ಟಿಸಿ ತನ್ನಿ. ನೀರಿನ ಬಾಟಲಿಗೆ ಹೆಸರು ಬರೆಯಿರಿ.

ಊಟ ಪಾಳಿಯಲ್ಲಿ ಆಗಲಿ. ಆರು ಜನ ಒಟ್ಟಿಗೆ ಕೂರುವ ಬದಲು ಎರಡೆರಡು ಜನ. ಎದುರುಬದುರು ಕೂರುವುದಕ್ಕಿಂತ ಓರೆಯಾಗಿ, ಒಂದು ಮೀಟರ್ ಮೇಲೆ ದೂರ. ಮಾಸ್ಕ್ ಇಲ್ಲದೆ ಮುಖಾಮುಖಿ ಕೂತು ನಗುವಾಗ, ಜೋರಾಗಿ ಮಾತಾಡುವಾಗ ಬಾಯಿಂದ ಕಣ ಜಾಸ್ತಿ ಬರುತ್ತದೆ. ಮಳೆ ಇಲ್ಲದ ದಿನ ಹೊರಗೆ ಬೇವಿನ ಮರದ ಕಟ್ಟೆ ಇದ್ದರೆ ಅಲ್ಲೇ ಕೂರಿ. ನಮ್ಮ ಆಸ್ಪತ್ರೆಯಲ್ಲಿ ಹಿಂದಿನ ವರಾಂಡದಲ್ಲಿ ಎರಡು ಬೆಂಚು ಹಾಕಿಸಿದೆವು. ಈಗ ಒಳಗೆ ಯಾರೂ ಚಹಾ ಕುಡಿಯುವುದಿಲ್ಲ.

ಇನ್ನು ಕೋಣೆಯ ಗಾಳಿ. ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದಿಲ್ಲ, ಒಳಗಿನ ಗಾಳಿಯನ್ನೇ ತಂಪು ಮಾಡಿ ಸುತ್ತಿಸುತ್ತದೆ. ಮೇಲಿನ ಫ್ಯಾನೂ ಅಷ್ಟೇ. ಗಂಟೆಗೆ ಎರಡೇ ಸಲ ಗಾಳಿ ಬದಲಾಗುವ ಕೋಣೆಯಲ್ಲಿ ತೇಲುವ ಕಣಗಳು 99% ಹೋಗಲು 138 ನಿಮಿಷ ಬೇಕು. ಆರು ಸಲ ಬದಲಾದರೆ 46 ನಿಮಿಷ. ಹನ್ನೆರಡು ಸಲವಾದರೆ 23 ನಿಮಿಷ. ಕಿಟಕಿ ಮುಚ್ಚಿದ ಡ್ಯೂಟಿ ರೂಮಿನಲ್ಲಿ ಒಬ್ಬರು ಕೆಮ್ಮಿ ಎದ್ದು ಹೋದ ಮೇಲೂ ಅವರ ಕೆಮ್ಮು ಅಲ್ಲಿ ಎಷ್ಟು ಹೊತ್ತು ಇರುತ್ತದೆ, ನೀವೇ ಲೆಕ್ಕ ಹಾಕಿ.

ನಿಮ್ಮ ಕೋಣೆಯಲ್ಲಿ ಗಾಳಿ ಹೇಗೆ ಓಡುತ್ತದೆ ಅಂತ ನೋಡಲು ಒಂದು ಊದಿನಕಡ್ಡಿ ಸಾಕು. ಆಮ್ಲಜನಕದ ಲೈನ್, ಸಿಲಿಂಡರ್ ಇರುವ ಕಡೆ ಯಾವತ್ತೂ ಹಚ್ಚಬೇಡಿ, ಇದು ಡ್ಯೂಟಿ ರೂಮು, ಊಟದ ಕೋಣೆಗೆ ಮಾತ್ರ. ಕಡ್ಡಿ ಹಚ್ಚಿ ಕೋಣೆಯ ನಡುವೆ ಹಿಡಿಯಿರಿ. ಹೊಗೆ ನೇರ ಮೇಲೆ ಹೋಗಿ ಅಲ್ಲೇ ಸುತ್ತುತ್ತಿದ್ದರೆ ಗಾಳಿ ನಿಂತಿದೆ ಅಂತ ಅರ್ಥ. ಕಿಟಕಿ ಕಡೆ ವಾಲಿ ಹೊರಗೆ ಹೋದರೆ ಸರಿ. ನಾವು ನೋಡಿದಾಗ ಹೊಗೆ ಡ್ಯೂಟಿ ರೂಮಿನಿಂದ ಬಾಗಿಲ ಕೆಳಗೆ ನುಸುಳಿ ವಾರ್ಡಿನ ಕಡೆ ಹೋಯಿತು. ಆ ಅಜ್ಜನ ಮಂಚ ಅದೇ ಬಾಗಿಲ ಪಕ್ಕ ಇತ್ತು. ಅಜ್ಜನಿಗೆ ಬಂದದ್ದು ಆ ಗಾಳಿಯಿಂದಲೋ, ಡ್ರೆಸಿಂಗ್ ಮಾಡಿದ ನಮ್ಮ ಕೈಯಿಂದಲೋ, ಆ ಹೊತ್ತಿಗೆ ಯಾರಿಗೂ ಹೇಳಲು ಆಗುತ್ತಿರಲಿಲ್ಲ. ಮರುವಾರವೇ ಹೊರಗಿನ ಗೋಡೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿಕೊಂಡೆವು. ಈಗ ಅದು ಓಡುವಾಗ ಹೊಗೆ ಹೊರಗೆ ಹೋಗುತ್ತದೆ. ಮಳೆ ಎರಚಲು ಬರುತ್ತದೆ ಅಂತ ಕಿಟಕಿ ಮುಚ್ಚುವವರು ಮೇಲೆ ಒಂದು ತಗಡಿನ ಸಜ್ಜಾ ಹಾಕಿಸಿ. ನಾಲ್ಕು ಬೆರಳಿನಷ್ಟಾದರೂ ತೆರೆದಿರಲಿ, ಎದುರು ಗೋಡೆಯ ಬಾಗಿಲೋ ಕಿಂಡಿಯೋ ಜೊತೆಗೆ ತೆರೆದಿರಲಿ.

ಪೇಷಂಟ್ ಮತ್ತು ಪೇಷಂಟ್ ಕಡೆಯವರು

ಒಪಿಡಿಯ ಬಾಗಿಲಲ್ಲೇ ಕೆಮ್ಮು, ಜ್ವರ ಇರುವವರನ್ನು ಬೇರೆ ಸಾಲಿಗೆ ಕಳಿಸಿ, ಅವರಿಗೊಂದು ಮಾಸ್ಕ್ ಕೊಡಿ. ವೈರಸ್ ಹೊರಗೆ ಬರುವ ಬಾಯಿಗೇ ಮಾಸ್ಕ್ ಹಾಕಿದರೆ ಹತ್ತು ಜನ ಉಳಿಯುತ್ತಾರೆ. ಕೊಡುವಾಗ ಮಾತು ಮೆತ್ತಗಿರಲಿ. "ಅಜ್ಜೀ, ನಿಮ್ ಕೆಮ್ಮು ಬ್ಯಾರೇದವರಿಗೆ ಹತ್ತಬಾರ್ದಲ್ರೀ, ಇದನ್ನ ಹಾಕ್ಕೋರಿ" ಅಂದರೆ ಯಾರೂ ಬೇಡ ಅನ್ನುವುದಿಲ್ಲ. ದೂರ ಸರಿದು ನಿಂತು ಗದರಿದರೆ ಸಿಟ್ಟಾಗುತ್ತಾರೆ. ವಾರ್ಡಿನಲ್ಲಿ ಮಂಚಗಳ ನಡುವೆ ಕನಿಷ್ಠ ಒಂದು ಮೀಟರ್ ಇರಲಿ. ಒಬ್ಬ ಪೇಷಂಟಿಗೆ ಒಬ್ಬರೇ ಉಳಿಯಲಿ, ಅವರಿಗೂ ನೆಗಡಿ ಇದೆಯಾ ಅಂತ ದಿನಾ ಕೇಳಿ.

ಮಕ್ಕಳ ವಾರ್ಡು, ಎನ್‌ಐಸಿಯು ಅಂದರೆ ಹಸುಗೂಸುಗಳ ಐಸಿಯುನಲ್ಲಿ ಇರುವವರು ಇನ್ನೂ ಹೆಚ್ಚು ಹುಷಾರು. ದೊಡ್ಡವರಿಗೆ ಆರ್‌ಎಸ್‌ವಿ ಬಂದರೆ ಸುಮ್ಮನೆ ನೆಗಡಿ. ಅದೇ ವೈರಸ್ ತಿಂಗಳು ತುಂಬದೆ ಹುಟ್ಟಿದ ಕೂಸಿಗೆ ಹೋದರೆ ಉಸಿರಾಟಕ್ಕೇ ತೊಂದರೆ. ಮೂಗು ಸೋರುವ ದಿನ ಎನ್‌ಐಸಿಯು ಡ್ಯೂಟಿ ಬೇಡವೇ ಬೇಡ.

ಒರೆಸುವುದು

ಬಾಗಿಲ ಹಿಡಿಕೆ, ಮಂಚದ ಕಂಬಿ, ಸ್ವಿಚ್ಚು, ಲಿಫ್ಟಿನ ಗುಂಡಿ, ಬಿಪಿ ಕಫ್, ಆಕ್ಸಿಮೀಟರ್ ಶಿಫ್ಟಿಗೆ ಒಮ್ಮೆಯಾದರೂ ಒರೆಸಬೇಕು. 5% ಹೈಪೋ (ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ) ಒಂದು ಭಾಗಕ್ಕೆ ನಾಲ್ಕು ಭಾಗ ನೀರು ಹಾಕಿದರೆ 1% ಆಗುತ್ತದೆ. ದಿನಾ ಹೊಸದಾಗಿ ಮಾಡಿ. ಒರೆಸಿ ಹತ್ತು ನಿಮಿಷ ಹಾಗೇ ಬಿಡಿ, ಕೂಡಲೇ ಒಣಬಟ್ಟೆಯಿಂದ ಒರೆಸಿಬಿಟ್ಟರೆ ಉಪಯೋಗ ಇಲ್ಲ. ಸ್ಟೀಲಿನ ಯಂತ್ರಗಳಿಗೆ ಹೈಪೋ ಬೇಡ, ತುಕ್ಕು ಹಿಡಿಯುತ್ತದೆ. 70% ಸ್ಪಿರಿಟ್ ಬಳಸಿ. ಹೈಪೋ ಜೊತೆ ಆ್ಯಸಿಡ್ ಯಾವತ್ತೂ ಬೆರೆಸಬೇಡಿ, ಉಸಿರು ಕಟ್ಟುವ ವಿಷದ ಗಾಳಿ ಬರುತ್ತದೆ. ಒಣ ಕಸಬರಿಗೆಯಿಂದ ವಾರ್ಡ್ ಗುಡಿಸುವುದೂ ಬೇಡ, ಒದ್ದೆ ಮಾಪ್ ಹೊಡೆಯಿರಿ.

ಲಸಿಕೆ

2021ರ ಜನವರಿ 16ರಂದು ದೇಶದಲ್ಲಿ ಕೋವಿಡ್ ಲಸಿಕೆ ಶುರುವಾದಾಗ ಮೊದಲು ಹಾಕಿಸಿಕೊಂಡವರು ನಾವು, ಆಸ್ಪತ್ರೆಯವರು. ನಾವು ಈಗಲೂ ಕಿಮ್ಸ್ ಅಂತಲೇ ಕರೆಯುವ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಯಲ್ಲೂ ಅವತ್ತೇ ಹಾಕಿದರು. ಆ ಉತ್ಸಾಹ ಫ್ಲೂ ಲಸಿಕೆಗೆ ಇಲ್ಲ. ಫ್ಲೂ ವೈರಸ್ ರೂಪ ಬದಲಿಸುತ್ತಲೇ ಇರುವುದರಿಂದ ಅದನ್ನು ಪ್ರತಿ ವರ್ಷ ಹಾಕಿಸಿಕೊಳ್ಳಬೇಕು. ನಮ್ಮ ದೇಶದಲ್ಲಿ ಫ್ಲೂ ವರ್ಷಕ್ಕೆ ಎರಡು ಸಲ ಏಳುತ್ತದೆ: ಜನವರಿಯಿಂದ ಮಾರ್ಚ್, ಮತ್ತೆ ಮಳೆಗಾಲದಲ್ಲಿ ಹಾಗೂ ಅದರ ಹಿಂದೆಯೇ. ಏಪ್ರಿಲ್-ಮೇ ತಿಂಗಳಲ್ಲಿ ಹಾಕಿಸಿಕೊಂಡರೆ ಮಳೆಗೆ ಮುಂಚೆ ಮೈ ಸಿದ್ಧವಾಗುತ್ತದೆ. ಶಕ್ತಿ ಬರಲು ಎರಡು ವಾರ ಬೇಕು.

"ಹಾಕಿಸಿಕೊಂಡರೂ ನೆಗಡಿ ಬಂತಲ್ರೀ" ಅಂತ ಪ್ರತಿ ವರ್ಷ ಯಾರಾದರೂ ನನ್ನನ್ನು ಕೇಳುತ್ತಾರೆ. ಇದು ಫ್ಲೂಗೆ ಮಾತ್ರ, ಬೇರೆ ನೆಗಡಿ ವೈರಸ್‌ಗೆ ಅಲ್ಲ. ಫ್ಲೂ ಅನ್ನೂ ಪೂರ್ತಿ ತಡೆಯುವುದಿಲ್ಲ. ಲಸಿಕೆ ಆ ವರ್ಷದ ವೈರಸ್ಸಿಗೆ ಚೆನ್ನಾಗಿ ಹೊಂದಿದರೆ ಡಾಕ್ಟರ ಹತ್ತಿರ ಹೋಗುವಂಥ ಫ್ಲೂ 40ರಿಂದ 60% ಕಡಿಮೆ ಆಗುತ್ತದೆ. ಬಂದರೂ ಜೋರು ಕಡಿಮೆ ಇರುತ್ತದೆ. ಬಸುರಿಯಾಗಿರುವ ಸಿಸ್ಟರುಗಳು ಇದನ್ನು ಬಿಡಲೇಬಾರದು, ಅವರಿಗೆ ಫ್ಲೂ ಬಂದರೆ ಅಪಾಯ ಜಾಸ್ತಿ. ನಿಮ್ಮ ಡಾಕ್ಟರನ್ನು ಕೇಳಿ ಹಾಕಿಸಿಕೊಳ್ಳಿ.

ಬಂದೇ ಬಿಟ್ಟರೆ

ಮನೆಯಲ್ಲೇ ಇರಿ, ನೀರು, ಗಂಜಿ, ವಿಶ್ರಾಂತಿ. ಆ್ಯಂಟಿಬಯಾಟಿಕ್ ಶುರು ಮಾಡಬೇಡಿ. ಔಷಧದ ಕಪಾಟು ಕೈಗೆ ಹತ್ತಿರ ಇರುವುದರಿಂದ ನಾವು ಈ ತಪ್ಪು ಬಹಳ ಮಾಡುತ್ತೇವೆ. ವೈರಸ್ಸಿಗೆ ಅದು ಕೆಲಸ ಮಾಡುವುದಿಲ್ಲ. ಆಸ್ತಮಾ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದರೆ, ಬಸುರಿ ಆಗಿದ್ದರೆ ಮೊದಲ ದಿನವೇ ಡಾಕ್ಟರಿಗೆ ತೋರಿಸಿ. ಫ್ಲೂ ಔಷಧ ಒಸೆಲ್ಟಮಿವಿರ್ 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಉಪಯೋಗ. ಉಸಿರು ಸಿಗದಿದ್ದರೆ, ಎದೆ ನೋವು, ತಲೆ ಮಂಕು, ತುಟಿ ನೀಲಿ ಆದರೆ ಕಾಯಬೇಡಿ, ಅಡ್ಮಿಟ್ ಆಗಿ.

ವಾಪಸ್ ಡ್ಯೂಟಿಗೆ ಯಾವಾಗ? ಪ್ಯಾರಸಿಟಮಾಲ್ ಇಲ್ಲದೆ ಪೂರ್ತಿ 24 ಗಂಟೆ ಜ್ವರ ಬರದೆ ಇರಬೇಕು. ಬಂದ ಮೇಲೂ ಕೆಮ್ಮು ನಿಲ್ಲುವವರೆಗೆ ಮಾಸ್ಕ್ ತೆಗೆಯಬೇಡಿ, ಚಹಾ ಒಬ್ಬರೇ ಕುಡಿಯಿರಿ. ಎನ್‌ಐಸಿಯು, ಕ್ಯಾನ್ಸರ್ ವಾರ್ಡು, ಡಯಾಲಿಸಿಸ್‌ನವರು ಲಕ್ಷಣ ಶುರುವಾಗಿ ಏಳು ದಿನ ಆಗುವವರೆಗೆ ಬೇರೆ ಕಡೆ ಡ್ಯೂಟಿ ಕೇಳಿ ತಗೊಳ್ಳಿ. ಕೋವಿಡ್ ಅಂತ ಗೊತ್ತಾದರೆ ನಿಮ್ಮ ಆಸ್ಪತ್ರೆಯ ನಿಯಮದ ಪ್ರಕಾರ ನಡೆಯಿರಿ.

ಮನೆಗೆ ಹೋದ ಕೂಡಲೇ ಯೂನಿಫಾರ್ಮ್ ಬಿಚ್ಚಿ ಬೇರೆ ಬಕೆಟ್ಟಿಗೆ ಹಾಕಿ, ಕೈ ಮುಖ ತೊಳೆದು ಆಮೇಲೆ ಕೂಸನ್ನು ಎತ್ತಿಕೊಳ್ಳಿ. ಬಾಗಿಲಿಗೇ ಓಡಿ ಬರುವ ಮಗುವನ್ನು ಐದು ನಿಮಿಷ ತಡೆಯುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಅಜ್ಜಿಗೆ ಹೇಳಿಡಿ, ಆ ಐದು ನಿಮಿಷ ಅವರು ಹಿಡಿದುಕೊಳ್ಳಲಿ.

ಒಂದು ನೋಟ್‌ಬುಕ್

ಕೊನೆಯ ಹೆಜ್ಜೆಗೆ 40 ಪುಟದ ನೋಟ್‌ಬುಕ್ ಒಂದು ಬೇಕು. ಇನ್‌ಚಾರ್ಜ್ ಮೇಜಿನ ಡ್ರಾಯರಿನಲ್ಲಿ ಇರಲಿ, ಎಲ್ಲರೂ ತೆಗೆದು ಓದುವ ಹಾಗೆ ಹೊರಗೆ ಇಡಬೇಡಿ. ಯಾರಿಗೆ, ಯಾವ ತಾರೀಖು, ಯಾವ ಲಕ್ಷಣ, ಹಿಂದಿನ ಮೂರು ದಿನ ಯಾವ ಶಿಫ್ಟು, ಯಾರ ಜೊತೆ ಊಟ ಮಾಡಿದರು, ಟೆಸ್ಟ್ ಆಯಿತಾ, ಯಾವಾಗ ವಾಪಸ್ ಬಂದರು. ಇಷ್ಟು ಬರೆದರೆ ಸಾಕು. ಆಯಾ, ವಾರ್ಡ್ ಬಾಯ್ ಹೆಸರೂ ಅದೇ ಪುಟದಲ್ಲಿ ಬರಬೇಕು. ಅವರು ಕಾಂಟ್ರ್ಯಾಕ್ಟಿನವರು ಅಂತ ಬಿಟ್ಟರೆ ಅರ್ಧ ಕಥೆಯೇ ಹೋಯಿತು.

72 ಗಂಟೆಯೊಳಗೆ ಒಂದೇ ವಾರ್ಡಿನ ಇಬ್ಬರ ಹೆಸರು ಬಂದರೆ ಸೋಂಕು ನಿಯಂತ್ರಣ ಸಮಿತಿಗೆ ಹೇಳಿ. ಅವತ್ತಿನಿಂದ ಆ ವಾರ್ಡಿನಲ್ಲಿ ಎಲ್ಲರಿಗೂ ಮಾಸ್ಕ್, ಊಟ ಹೊರಗೆ, ಇಬ್ಬರದೂ ಸ್ವ್ಯಾಬ್ ಪರೀಕ್ಷೆ, ಪೇಷಂಟುಗಳಲ್ಲಿ ಹೊಸ ಕೆಮ್ಮು ಬಂದಿದೆಯಾ ಅಂತ ದಿನಾ ನೋಡುವುದು. ಸಿಬ್ಬಂದಿಯನ್ನು ಆ ವಾರ್ಡಿನಿಂದ ಇನ್ನೊಂದಕ್ಕೆ ಕಳಿಸುವುದನ್ನೂ ನಿಲ್ಲಿಸಿ.

ನಮ್ಮ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಆ ಶ್ರಾವಣದ ನಾಲ್ಕು ಹೆಸರಿವೆ. ನೆನಪಿನಿಂದ ಬರೆದದ್ದು. ಐದನೇ ಸಾಲಿನಲ್ಲಿ ಹೆಸರಿಲ್ಲ, "ಮಂಚ 14, ಅಜ್ಜ" ಅಂತ ಇದೆ.